ಹತ್ತೊಂಬತ್ತನೆಯ ಕೈ

"ಎಂಟು ಗಂಟೆ ಹನ್ನೆರಡು ನಿಮಿಷ," ಎಂದೆ ನಾನು, ಪರದೆಯ ಮೂಲೆಯಲ್ಲಿದ್ದ ಸಣ್ಣ ಅಂಕಿಗಳ ಮೇಲೆ ಬೆರಳಿಟ್ಟು. "ಹುಡುಗರ ಬಸ್ಸು ನಿಮ್ಮ ಗೇಟು ದಾಟಿದ್ದು ಎಂಟೂ ನಲವತ್ತಕ್ಕೆ. ಗೇಟಿನ ಪುಸ್ತಕದಲ್ಲಿ ಡ್ರೈವರ್ ಸಹಿ ಇದೆ. ಹಾಗಾದ್ರೆ ಹುಡುಗ ಇನ್ನೂ ಬಸ್ಸಲ್ಲಿ ಕೂತಿರುವಾಗ ಅವನ ಕೈ ಮಾತ್ರ ಮುಂಚೆ ಬಂದು ನಿಮ್ಮ ಮೆಷಿನ್ ಒಳಗೆ ಮಲಗಿತ್ತಾ?"

ಸ್ಕ್ಯಾನ್ ಟೆಕ್ನಿಶಿಯನ್ ಒಮ್ಮೆ ಪರದೆಯನ್ನೂ ಒಮ್ಮೆ ನನ್ನನ್ನೂ ನೋಡಿದ. ಐವತ್ತರ ಆಸುಪಾಸಿನ, ಗುಂಡಗಿನ, ಮಾತಿಗೆ ಮೊದಲೇ ನಗುವ ಮನುಷ್ಯ. ಈಗ ನಗು ತುಟಿಯ ತನಕ ಬಂದು ಹಾಗೇ ವಾಪಸು ಹೋಯಿತು.

"ಮೆಷಿನ್ ಗಡಿಯಾರ ಹಿಂದೆ ಬಿದ್ದಿರಬಹುದು ಸಾರ್."

"ಬಿದ್ದಿಲ್ಲ. ಈಗ ಅದರಲ್ಲೂ ಮೂರೂ ಹತ್ತು, ನನ್ನ ಕೈಗಡಿಯಾರದಲ್ಲೂ ಮೂರೂ ಹತ್ತು."

ಹದಿನೇಳು ವರ್ಷದೊಳಗಿನವರ ಫುಟ್‌ಬಾಲ್ ಪಂದ್ಯಾವಳಿ ಮರುದಿನ ಬೆಳಿಗ್ಗೆ ಶುರುವಾಗಬೇಕಿತ್ತು. ತಂಡದ ಹದಿನೆಂಟು ಹುಡುಗರ ವಯಸ್ಸು ನಿಜವೇ ಎಂದು ತಿಳಿಯಲು ಹಿಂದಿನ ವಾರ ಇದೇ ಆಸ್ಪತ್ರೆಯಲ್ಲಿ ಎಲ್ಲರ ಎಡಗೈ ಮಣಿಕಟ್ಟಿನ ಎಂ.ಆರ್.ಐ. ತೆಗೆದಿದ್ದರು. ಹದಿನೇಳು ಕೈ ಪಾಸು, ಒಂದು ಫೇಲು. ಫೇಲಾದದ್ದು ಗೋಲ್‌ಕೀಪರನದು, ಊರೆಲ್ಲ 'ಗೋಡೆ' ಎಂದು ಕರೆಯುವ ಹುಡುಗ. ಸಂಜೆ ಐದರೊಳಗೆ ನಾನು ಬೇರೆ ಏನಾದರೂ ಸಾಬೀತು ಮಾಡದಿದ್ದರೆ ಅವನಿಗೆ ಎರಡು ವರ್ಷ ನಿಷೇಧ. ಆಮೇಲೆ ಎಲ್ಲಿ ಆಡಲು ಹೋದರೂ 'ವಯಸ್ಸು ಕದ್ದವನು' ಎಂಬ ಹೆಸರು ಅವನಿಗಿಂತ ಮುಂಚೆ ಹೋಗಿ ಕಾಯುತ್ತಿರುತ್ತದೆ.

ನಾನು ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ಇಂಥ ತಂಟೆಗಳು ಬಂದಾಗ ಕ್ರೀಡಾ ಸಮಿತಿ ನನ್ನನ್ನು ಕರೆಸಿಕೊಳ್ಳುತ್ತದೆ. ಮೂವತ್ತು ವರ್ಷ ಬೆರಳಚ್ಚು ನೋಡಿದವನು ನಾನು. ಚರ್ಮದ ಒಳಗೆ ಇನ್ನೊಂದು ಕೈ ಇದೆ, ಅದು ದಿನಚರಿ ಬರೆದಿಡುತ್ತದೆ ಎಂದು ಗೊತ್ತಾದದ್ದು ಈ ವಾರವೇ. ಬೆರಗಾದಾಗ ಹಸಿವೂ ಮರೆತುಹೋಗುತ್ತದೆಂದು ತಿಳಿದದ್ದೂ ಈ ವಾರವೇ. ಮನೆಯಲ್ಲಿ ಹೆಂಡತಿ, "ಅದೇನು ನಿಮ್ಮ ಕೈ ನೀವೇ ತಿರುಗಿಸಿ ತಿರುಗಿಸಿ ನೋಡ್ಕೋತೀರಿ, ಹೊಸದಾಗಿ ಬಂದಿದ್ಯಾ?" ಎಂದು ಛೇಡಿಸುತ್ತಿದ್ದಳು.

ಕೋಣೆಯಲ್ಲಿ ಇನ್ನಿಬ್ಬರಿದ್ದರು. ಪರದೆಯ ಮುಂದಿನ ಎರಡನೇ ಕುರ್ಚಿಯಲ್ಲಿ ಮೂಳೆ ಡಾಕ್ಟರಮ್ಮ. ಎಪ್ಪತ್ತು ದಾಟಿದ, ಕಡ್ಡಿಯಂಥ ಹೆಂಗಸು. ಹದಿನೆಂಟು ಚಿತ್ರಗಳನ್ನೂ ಓದಿ ತೀರ್ಪು ಬರೆದವರು ಅವರೇ. ಅವರದು ಒಂದೇ ಪೆನ್ನು, ಹಸಿರು ಮಸಿಯದು. ಒಂದೇ ಮಾತು, "ಮೂಳೆ ಸುಳ್ಳು ಹೇಳಲ್ಲ."

ಕಿಟಕಿಯ ಪಕ್ಕ ನಿಂತಿದ್ದವಳು 'ಗೋಡೆ'ಯ ತಾಯಿ. ಹೊಲಿಗೆ ಅಂಗಡಿಯಿಂದ ನೇರ ಬಂದಿದ್ದಳು, ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಬೆರಳುಗಳ ನಡುವೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ. ಬಂದಾಗಿನಿಂದ ಆಕೆ ಡಾಕ್ಟರಮ್ಮನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಮಗನನ್ನು ಕಳ್ಳ ಎಂದವರ ಮುಖ ನೋಡಲು ಯಾವ ತಾಯಿಗೆ ಮನಸ್ಸು ಬಂದೀತು ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವನು ಹಾಗೆ ಬಿಡಬಾರದಿತ್ತು.

"ಕೋಚ್‌ದೇ ಕೈವಾಡ ಸಾರ್," ಎಂದಳು ಆಕೆ, ನೂರನೇ ಸಲ. "ಅವನ ಸೋದರಳಿಯ ಎರಡನೇ ಗೋಲ್‌ಕೀಪರು. ನನ್ನ ಮಗನ್ನ ತೆಗೆದ್ರೆ ಅವನಿಗೆ ದಾರಿ."

"ಕೋಚೂ ಅದೇ ಬಸ್ಸಲ್ಲೇ ಇದ್ದ ತಾಯೀ. ಎಂಟೂ ಹನ್ನೆರಡಕ್ಕೆ ಅವನೂ ದಾರಿಯಲ್ಲೇ ಇದ್ದ." ಕೋಚ್‌ನ ಹಿಂದೆ ಎರಡು ದಿನ ಸುತ್ತಿ ಚಪ್ಪಲಿ ಸವೆಸಿದ್ದು ದಂಡವಾಗಿತ್ತು. "ಆ ಹೊತ್ತಿಗೆ ಈ ಕಟ್ಟಡದ ಒಳಗೆ ಯಾರಿದ್ರು ಅನ್ನೋದೊಂದೇ ಈಗ ಪ್ರಶ್ನೆ."

ನಾನು ಮತ್ತೆ ಪರದೆಯ ಕಡೆ ತಿರುಗಿದೆ. ಗೋಲ್‌ಕೀಪರನ ಹೆಸರಿನ ಚಿತ್ರ. ಕಪ್ಪಿನ ನಡುವೆ ಬೆಳ್ಳಗೆ ಹೊಳೆಯುವ ಮಣಿಕಟ್ಟು. ಮೊದಲ ದಿನ ಡಾಕ್ಟರಮ್ಮ ನನಗೆ ಪಾಠ ಹೇಳಿಕೊಟ್ಟಿದ್ದರು: ಮುಂಗೈ ಮೂಳೆಯ ತುದಿಯಲ್ಲಿ ಒಂದು ಬೂದು ಪಟ್ಟಿ ಇರುತ್ತದೆ, ಮೂಳೆ ಬೆಳೆಯುವುದು ಅಲ್ಲೇ. ಅದನ್ನು ಬಾಗಿಲು ಎಂದುಕೊಳ್ಳಿ. ಬೆಳೆಯುವಷ್ಟು ದಿನ ತೆರೆದಿರುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಹದಿನೇಳು ತುಂಬುವ ಮುಂಚೆ ಪೂರ್ತಿ ಮುಚ್ಚುವುದು ನೂರಕ್ಕೆ ಒಬ್ಬನಲ್ಲೂ ಕಷ್ಟ. ಈ ಚಿತ್ರದಲ್ಲಿ ಬಾಗಿಲು ಇತ್ತು ಎಂಬ ಗುರುತೂ ಇರಲಿಲ್ಲ.

ಆದರೆ ಚಿತ್ರದ ಮೇಲಂಚಿನಲ್ಲಿ, ಉಂಗುರದ ಬೆರಳು ಶುರುವಾಗುವ ಕಡೆ, ಇಲಿ ಕಚ್ಚಿದ ಹಾಗೆ ಒಂದು ಕಪ್ಪು ಮಚ್ಚೆ ಇತ್ತು.

"ಡಾಕ್ಟರಮ್ಮ, ಇದೇನಿದು?"

"ಅದನ್ನ ಆವತ್ತೇ ನೋಡಿದ್ದೆ. ಮೆಷಿನ್ ದೋಷ ಅಂದ್ಕೊಂಡೆ." ಅವರು ಕನ್ನಡಕ ಮೇಲೇರಿಸಿ ಹತ್ತಿರ ಬಾಗಿದರು. ಮಾತು ನಿಧಾನವಾಯಿತು. "ಲೋಹ ಇದ್ರೂ ಹೀಗೇ ಆಗುತ್ತೆ. ಅದು ಇದ್ದ ಜಾಗದಲ್ಲಿ ಚಿತ್ರ ಮೂಡಲ್ಲ."

"ಹುಡುಗರ ಮೈಮೇಲೆ ಲೋಹ ಇತ್ತಾ?"

"ಒಂದು ಗುಂಡಿ ಕೂಡ ಇಲ್ಲ. ಎಲ್ಲಾ ಬಿಚ್ಚಿಸಿ ಆಸ್ಪತ್ರೆ ಅಂಗಿ ಹಾಕಿಸೇ ಒಳಗೆ ಬಿಡೋದು."

ನನ್ನ ಪಕ್ಕದಲ್ಲಿ ಏನೋ ಸರಿದಾಡಿತು. ತಿರುಗಿ ನೋಡದೆಯೇ ಹೇಳಿದೆ. "ಜೇಬಿನಿಂದ ಕೈ ತೆಗೀರಿ."

"ಯಾವ ಕೈ ಸಾರ್?" ಎಂದ ಟೆಕ್ನಿಶಿಯನ್.

"ಈಗ ತಾನೇ ಒಳಗೆ ಹೋಯ್ತಲ್ಲ, ಅದು."

ಎಡಗೈ ಹೊರಗೆ ಬಂತು. ಉಂಗುರದ ಬೆರಳಿನ ಬುಡದಲ್ಲಿ, ಎರಡೂ ಕಡೆ ಮಾಂಸ ಉಬ್ಬಿ, ಅರ್ಧ ಮುಚ್ಚಿಹೋದ ಒಂದು ಉಂಗುರ.

"ಹದಿನೈದು ವರ್ಷದಿಂದ ಬರ್ತಾ ಇಲ್ಲ ಸಾರ್. ಸೋಪು, ಎಣ್ಣೆ, ಎಲ್ಲಾ ಹಾಕಿ ನೋಡಿದ್ದೀನಿ." ಅವನ ಹಣೆಯಲ್ಲಿ ಬೆವರು. "ಚಿನ್ನದ್ದು, ಮೆಷಿನ್ ಎಳಿಯಲ್ಲ. ಆದ್ರೆ ಮಚ್ಚೆ ಬೀಳುತ್ತೆ."

"ಹಾಗಾದ್ರೆ ಇದು ನಿಮ್ಮ ಕೈ."

ಅವನು ಪರದೆಯನ್ನು ನೋಡಿದ. ನನಗೆ ಸುಳ್ಳುಗಾರರ ಮುಖ ಚೆನ್ನಾಗಿ ಪರಿಚಯ. ಈ ಮುಖ ಅಂಥದ್ದಲ್ಲ. ತನ್ನ ಕೈಯನ್ನೇ ಬೇರೆಯವರ ಮನೆಯಲ್ಲಿ ಕಂಡವನ ಹಾಗೆ ಅವನು ಕಕ್ಕಾಬಿಕ್ಕಿಯಾಗಿದ್ದ.

"ನನ್ನ ಕೈ ಇಲ್ಲಿ ಹೇಗೆ ಬಂತು ಸಾರ್? ಅದು ಕೊನೇಲಿ ಇರಬೇಕಿತ್ತಲ್ಲ!"

"ಕೂತ್ಕೊಳ್ಳಿ. ಮೊದಲಿಂದ ಹೇಳಿ."

ಅವನು ಕೂತ. ಹೇಳಿದ. ಕೈ ಇಡುವ ಪೆಟ್ಟಿಗೆ ಹಿಂದಿನ ದಿನವಷ್ಟೇ ಹೊಸದಾಗಿ ಬಂದಿತ್ತು. ಹದಿನೆಂಟು ಹುಡುಗರನ್ನು ಸಾಲಾಗಿ ನಿಲ್ಲಿಸಿಕೊಂಡಾಗ ಅದು ಕೈಕೊಟ್ಟರೆ ಮಾನ ಹೋಗುತ್ತದೆ. ಅದಕ್ಕೇ ಬೆಳಿಗ್ಗೆ ಬೇಗ ಬಂದು, ನರ್ಸಿಗೆ ಬಟನ್ ಒತ್ತಲು ಹೇಳಿ, ತನ್ನ ಕೈಯನ್ನೇ ಇಟ್ಟು ನೋಡಿದ್ದ.

"ನಾವೆಲ್ಲ ಹೀಗೇ ಮಾಡೋದು ಸಾರ್. ಹೊಸದು ಏನೇ ಬಂದ್ರೂ ಮೊದಲು ನಮ್ಮ ಕೈ, ನಮ್ಮ ಮಂಡಿ. ನನ್ನ ಮಂಡಿ ಚಿತ್ರ ಎಷ್ಟಿದೆ ಅಂದ್ರೆ ಆಲ್ಬಂ ಮಾಡಿಸಬಹುದು."

"ಯಾರ ಹೆಸರಲ್ಲಿ ತೆಗೆದ್ರಿ?"

"ಹೆಸರು ಕೊಡದೆ ಮೆಷಿನ್ ಶುರುವೇ ಆಗಲ್ಲ. ಹುಡುಗರ ಪಟ್ಟಿ ಹಿಂದಿನ ಸಂಜೆನೇ ತುಂಬಿಸಿಟ್ಟಿದ್ದೆ. ನರ್ಸಮ್ಮ ಬಟನ್ ಒತ್ತಿದ್ರು. ಮೇಲಿದ್ದ ಹೆಸರು ತಾನೇ ತಗೊಳ್ಳುತ್ತೆ..."

ಮೇಲಿದ್ದ ಹೆಸರು ಒಂದನೇ ನಂಬರಿನದು. ಒಂದನೇ ನಂಬರ್ ಅಂಗಿ ಗೋಲ್‌ಕೀಪರನದು.

"ಆಮೇಲೆ ಹುಡುಗರು ಬಂದ್ರು. ಒಬ್ಬೊಬ್ಬರನ್ನೇ ಕರೆದ್ರಿ. ಮೆಷಿನ್ ಮುಂದಿನ ಹೆಸರು ತಗೊಳ್ತಾ ಹೋಯ್ತು. ಕೊನೇ ಹುಡುಗನಿಗೆ ಹೆಸರೇ ಉಳಿದಿರಲಿಲ್ಲ. ಆಗಲೂ ಅನುಮಾನ ಬರಲಿಲ್ವಾ?"

"ಅಂಗಿ ನಂಬರ್ ಕೂಗ್ತಾ ಇದ್ದೆ ಸಾರ್, ಪರದೆ ಕಡೆ ಯಾರು ನೋಡಿದ್ರು? ಕೊನೇಲಿ ಹೆಸರು ಕೇಳ್ತು. ಎಲ್ಲೋ ಎರಡು ಸಲ ಒತ್ತಿರಬೇಕು ಅಂತ 'ಹೆಚ್ಚುವರಿ' ಅಂತ ಕೊಟ್ಟು ತೆಗೆದೆ. ಸಂಜೆ ಎಣಿಸಿದೆ. ಹತ್ತೊಂಬತ್ತು ಚಿತ್ರ. ಹುಡುಗರು ಹದಿನೆಂಟು, ನನ್ನ ಕೈ ಒಂದು. ಸರಿಯಾಗಿದೆ ಅಂತ ನೆಮ್ಮದಿಯಾಗಿ ಮನೆಗೆ ಹೋದೆ. ಕೊನೇ ಹುಡುಗನ ವಿಷಯ ಮರೆತೇಹೋಗಿ, ಆ 'ಹೆಚ್ಚುವರಿ'ನೇ ನನ್ನ ಕೈ ಅಂದ್ಕೊಂಡು ಅದನ್ನ ಕಳಿಸ್ಲೇ ಇಲ್ಲ."

ನನಗೆ ನಗು ಬರಬೇಕೋ ಸಿಟ್ಟು ಬರಬೇಕೋ ತಿಳಿಯಲಿಲ್ಲ. ಎಣಿಕೆ ಸರಿಯಾಗಿದ್ದದ್ದಕ್ಕೇ ತಪ್ಪು ಸಿಕ್ಕಿಬೀಳದೆ ಉಳಿದಿತ್ತು. ಒಂದು ಕಮ್ಮಿಯೋ ಒಂದು ಜಾಸ್ತಿಯೋ ಆಗಿದ್ದರೆ ಈ ಮಹಾರಾಯ ಆ ಸಂಜೆಯೇ ಹುಡುಕುತ್ತಿದ್ದ.

"ಅಂಗಿಗೆ ಗುಂಡಿ ತಪ್ಪಿ ಹಾಕಿದ ಹಾಗೆ," ಎಂದಳು ಹೊಲಿಗೆಯವಳು ಇದ್ದಕ್ಕಿದ್ದಂತೆ. ಮುಖ ಅರಳಿತ್ತು. "ಮೇಲಿನ ಗುಂಡಿ ಒಂದು ಬೇರೆ ಕಾಜಕ್ಕೆ ಹೋದ್ರೆ ಕೆಳಗಿಂದು ಎಲ್ಲಾ ಒಂದೊಂದು ಜರುಗುತ್ತೆ ಸಾರ್! ನೋಡೋಕೆ ಎಲ್ಲಾ ಸರಿಯಾಗೇ ಕಾಣುತ್ತೆ. ನನ್ನ ಮಗಂದು ಎರಡನೇದಕ್ಕೆ ಹೋಗಿದೆ, ಎರಡನೇದು ಮೂರಕ್ಕೆ. ಕೊನೇಲಿ ನೋಡಿದ್ರೆ ಒಂದು ಗುಂಡಿ ಹಾಗೇ..."

ಮಾತು ಅಲ್ಲಿಗೇ ನಿಂತಿತು. ಬೆರಳಿನ ನಡುವಿದ್ದ ಸೀಮೆಸುಣ್ಣದ ಬಿಲ್ಲೆ ನೆಲಕ್ಕೆ ಬಿದ್ದು ಎರಡು ಹೋಳಾಯಿತು.

"ಹಾಗೇ ಮಿಗುತ್ತೆ," ಎಂದು ನಾನು ಮುಗಿಸಿದೆ. "ಸರಿಯಾಗಿ ಹೇಳಿದ್ರಿ ತಾಯೀ."

ಆಕೆ ಬಗ್ಗಿ ಹೋಳುಗಳನ್ನು ಹೆಕ್ಕಿಕೊಂಡಳು. ಎದ್ದಾಗ ಮುಖದಲ್ಲಿ ಅರಳಿದ್ದದ್ದು ಏನೂ ಉಳಿದಿರಲಿಲ್ಲ.

"ಎರಡನೇ ಚಿತ್ರ ತೆಗೀರಿ," ಎಂದರು ಡಾಕ್ಟರಮ್ಮ, ಟೆಕ್ನಿಶಿಯನ್‌ಗೆ. ತಮ್ಮ ತೀರ್ಪು ಬುಡಮೇಲಾಗುತ್ತಿದ್ದರೂ ಅವರ ಕಣ್ಣಿನಲ್ಲಿ ಕೋಪವಿರಲಿಲ್ಲ. ಹೊಸ ಪಾಠ ಶುರುವಾಗುವಾಗ ಮುಂದಿನ ಬೆಂಚಿನ ಹುಡುಗಿ ಕೂರುವ ಹಾಗೆ ಕುರ್ಚಿಯ ಅಂಚಿಗೆ ಬಂದು ಕೂತಿದ್ದರು.

ಎರಡನೇ ನಂಬರಿನ ಚಿತ್ರ ಮೂಡಿತು. ಇದರಲ್ಲಿ ಬಾಗಿಲು ತೆರೆದಿತ್ತು. ಮೂಳೆಯ ತುದಿಯಲ್ಲಿ ಬೂದು ಪಟ್ಟಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಣ್ಣಗೆ ಅಲೆಯಂತೆ ಹರಿದಿತ್ತು.

"ಇಲ್ಲಿ ನೋಡಿ ಇನ್ಸ್‌ಪೆಕ್ಟರೇ." ಡಾಕ್ಟರಮ್ಮನ ಹಸಿರು ಪೆನ್ನು ಬಾಗಿಲಿನಿಂದ ಮೆಲ್ಲಗೆ ಕೆಳಗಿಳಿದು ಒಂದು ಕಡೆ ನಿಂತಿತು. ಬಿಳಿ ಮೂಳೆಗೆ ಅಡ್ಡಲಾಗಿ ಒಂದು ಗೆರೆ. ಕೂದಲಿಗಿಂತ ತೆಳು. "ಇದನ್ನ ಓದಿದ ದಿನವೇ ಬರೆದಿಟ್ಟಿದ್ದೀನಿ, ಎರಡನೇ ನಂಬರಿನ ಹುಡುಗನಿಗೆ ಹಿಂದೆ ದೊಡ್ಡ ಕಾಯಿಲೆ ಆಗಿತ್ತು ಅಂತ. ಅವನ ಅಪ್ಪನ್ನ ಕೇಳಿದ್ರೆ ಅವನಿಗೆ ನೆಗಡಿ ಕೂಡ ಬಂದಿಲ್ಲ ಅಂದ್ರು. ಅಪ್ಪಂದಿರಿಗೆ ಏನು ಗೊತ್ತಿರುತ್ತೆ ಅಂತ ಸುಮ್ಮನಾದೆ."

"ಗೆರೆಗೂ ಕಾಯಿಲೆಗೂ ಏನು ಸಂಬಂಧ?"

"ಮೈಗೆ ದೊಡ್ಡ ಜ್ವರ ಬಂದ್ರೆ, ಇಲ್ಲ ತುಂಬ ದಿನ ಹಸಿವಾದ್ರೆ, ಮೂಳೆ ಬೆಳೆಯೋದನ್ನ ನಿಲ್ಲಿಸಿ ಕಾಯುತ್ತೆ. ಮತ್ತೆ ಬೆಳೆಯೋಕೆ ಶುರು ಮಾಡಿದಾಗ, ಇಲ್ಲಿ ನಿಂತಿದ್ದೆ ಅಂತ ಒಂದು ಗೆರೆ ಎಳೆದು ಮುಂದೆ ಹೋಗುತ್ತೆ. ಈ ವಯಸ್ಸಲ್ಲಿ ಇದು ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತೆ. ಬಾಗಿಲಿಂದ ಗೆರೆಗೆ ಅಳೀರಿ."

ಟೆಕ್ನಿಶಿಯನ್ ಅಳೆದ. ಎರಡು ಸೆಂಟಿಮೀಟರ್, ಏಳು ಮಿಲಿಮೀಟರ್.

"ಅಂದ್ರೆ ಎರಡೂವರೆ ವರ್ಷ ದಾಟಿದೆ, ಮೂರು ಆಗಿಲ್ಲ. ಕೆಲವು ವಾರ ಈ ಹುಡುಗ ಬೆಳೀಲೇ ಇಲ್ಲ," ಎಂದರು ಡಾಕ್ಟರಮ್ಮ.

ನಾನು ತಾಯಿಯ ಕಡೆ ನೋಡಿದೆ. ಆಕೆ ಪರದೆಯ ಹತ್ತಿರಕ್ಕೆ ಬಂದಿದ್ದಳು. ಆ ಗೆರೆಯನ್ನು ಮುಟ್ಟಲೋ ಬೇಡವೋ ಎಂಬಂತೆ ಬೆರಳು ಗಾಳಿಯಲ್ಲಿ ನಿಂತಿತ್ತು.

"ಟೈಫಾಯ್ಡು," ಎಂದಳು. "ಎಂಟನೇ ಕ್ಲಾಸಿನ ಪರೀಕ್ಷೆಗೆ ಕೂರ್ಲೇ ಇಲ್ಲ. ನಲವತ್ತೊಂದು ದಿನ. ಎರಡು ವರ್ಷ ಎಂಟು ತಿಂಗಳಾಯ್ತು. ಕೂದಲೆಲ್ಲ ಉದುರಿ ಬೋಳಾಗಿದ್ದ. ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕ್ತಾ ಕೂತಿರ್ತಿದ್ದೆ. ನಾನು ಮಾತ್ರ ನೆನಪಿಟ್ಟುಕೊಂಡಿದ್ದೀನಿ ಅಂದ್ಕೊಂಡಿದ್ದೆ ಸಾರ್. ಇದೂ ಬರೆದಿಟ್ಟುಕೊಂಡಿದ್ಯಲ್ಲ!"

ಒಬ್ಬ ತಾಯಿಯ ನಲವತ್ತೊಂದು ರಾತ್ರಿಗಳು, ಯಾರೂ ಕೇಳದೆ ಯಾರೂ ಹೇಳದೆ, ಒಬ್ಬ ಹುಡುಗನ ಮಣಿಕಟ್ಟಿನೊಳಗೆ ಗೆರೆಯಾಗಿ ಕೂತಿದ್ದವು. ನ್ಯಾಯಾಲಯದಲ್ಲಿ ನೂರಾರು ಸಾಕ್ಷಿಗಳನ್ನು ನಿಲ್ಲಿಸಿದ್ದೇನೆ. ಇಂಥ ಸಾಕ್ಷಿಯನ್ನು ನಾನು ಕಂಡಿರಲಿಲ್ಲ.

ಡಾಕ್ಟರಮ್ಮ ಎದ್ದು ನಿಂತರು. "ತಪ್ಪಾಯ್ತಮ್ಮ. ನಿನ್ನ ಮಗ ಸುಳ್ಳುಗಾರ ಅಲ್ಲ. ಮೂಳೆ ಸುಳ್ಳು ಹೇಳಲ್ಲ. ಅದರ ಮೇಲೆ ಬರೆದ ಹೆಸರು ಸುಳ್ಳಾಗಿತ್ತು."

ಆಗಲೂ ಹೊಲಿಗೆಯವಳು ಅವರತ್ತ ತಿರುಗಲಿಲ್ಲ. ನೆಲ ನೋಡುತ್ತ ತಲೆಯಾಡಿಸಿದಳು, ಅಷ್ಟೇ.

ನಾನು ಬಾಗಿಲು ತೆರೆದು ಹುಡುಗನನ್ನು ಕರೆದೆ. ಕಾರಿಡಾರಿನ ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಗೋಡೆ, ಆರಡಿ ಎತ್ತರ, ಉಗುರು ಕಚ್ಚಿ ಕಚ್ಚಿ ಮುಗಿಸಿದ್ದ. ಅವನ ಪಕ್ಕ, ಅವನ ಗ್ಲೌಸುಗಳನ್ನು ಮಡಿಲಲ್ಲಿ ಇಟ್ಟುಕೊಂಡು, 'ಬಾಣ'. ತಂಡದ ಎಡ ಅಂಚಿನಲ್ಲಿ ಓಡುವವನು, ಹದಿನೆಂಟನೇ ನಂಬರು. ಹೊಲಿಗೆಯವಳ ತೀರಿಹೋದ ಅಕ್ಕನ ಮಗ, ಇವಳ ಮನೆಯಲ್ಲೇ ಬೆಳೆದವನು. ಕಾಗದದ ಪ್ರಕಾರ ಗೋಡೆಗಿಂತ ನಾಲ್ಕು ತಿಂಗಳು ಚಿಕ್ಕವನು.

ಗೋಡೆ ಒಳಗೆ ಬಂದು ಪರದೆ ನೋಡಿದ. ಡಾಕ್ಟರಮ್ಮ ಎರಡು ಮಾತಿನಲ್ಲಿ ಹೇಳಿದರು. ಅವನು ತನ್ನ ಎಡಗೈ ಎತ್ತಿ ಚಿತ್ರದ ಪಕ್ಕ ಹಿಡಿದ.

"ಇದು ನಂದಾ? ಇಷ್ಟು ಚೆನ್ನಾಗಿದ್ಯಾ?" ಎಂದ. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದ. "ಅಣ್ಣಾ, ಬಾರೋ ಇಲ್ಲಿ! ನನ್ನ ಜ್ವರ ಕಾಣ್ತಾ ಇದೆ!"

ಅಣ್ಣಾ. ಮೊದಲ ದಿನವೂ ಇದು ನನ್ನ ಕಿವಿಗೆ ಬಿದ್ದಿತ್ತು. ನಾಲ್ಕು ತಿಂಗಳು ಚಿಕ್ಕವನನ್ನು ಅಣ್ಣ ಎನ್ನುತ್ತಾನಲ್ಲ ಎಂದು ಕೇಳಿದ್ದಕ್ಕೆ ತಾಯಿ ಥಟ್ಟನೆ, "ದೊಡ್ಡಮ್ಮನ ಮಗ ಅಲ್ವಾ ಸಾರ್, ಅದಕ್ಕೆ" ಎಂದಿದ್ದಳು. ನಾನೂ ಹೌದೌದು ಎಂದು ತಲೆದೂಗಿ ಮುಂದೆ ಹೋಗಿದ್ದೆ. ಈಗ ಆ ಒಂದು ಪದ ನನ್ನ ಬೆನ್ನಿನ ಮೇಲೆ ತಣ್ಣೀರಿನಂತೆ ಇಳಿಯಿತು.

ಬಾಣ ಬಂದು ಎಲ್ಲರ ಹಿಂದೆ ನಿಂತ. ಸಾಲಿದ್ದರೆ ಕೊನೆಯಲ್ಲಿ ನಿಲ್ಲುವುದು, ಊಟಕ್ಕೆ ಕೊನೆಯಲ್ಲಿ ಕೂರುವುದು ಅವನ ಅಭ್ಯಾಸ ಎಂದು ಕೋಚ್ ಹೇಳಿದ್ದ. ಹದಿನೆಂಟನೇ ನಂಬರೂ ಅವನೇ ಕೇಳಿ ಪಡೆದದ್ದಂತೆ.

ಕೋಣೆಯ ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಡಾಕ್ಟರಮ್ಮ ಹೊಸ ವರದಿಯ ಹಾಳೆ ಎಳೆದುಕೊಂಡು ಹಸಿರು ಪೆನ್ನಿನಲ್ಲಿ ಬರೆಯತೊಡಗಿದರು. ಒಂದನೇ ಚಿತ್ರ, ಟೆಕ್ನಿಶಿಯನ್. ಎರಡನೇ ಚಿತ್ರ, ಒಂದನೇ ಹುಡುಗ. ಹೀಗೆ ಹೆಸರುಗಳೆಲ್ಲ ಒಂದೊಂದು ಮೆಟ್ಟಿಲು ಹತ್ತಿ ತಂತಮ್ಮ ಜಾಗಕ್ಕೆ ಬಂದವು. ಹದಿನೇಳು ಹುಡುಗರು, ಹದಿನೇಳು ತೆರೆದ ಬಾಗಿಲು.

"ಇನ್ನೊಂದು ಉಳೀತು," ಎಂದರು. "ಹತ್ತೊಂಬತ್ತನೇದು. ಅದನ್ನ ನಾನು ನೋಡೇ ಇಲ್ಲ."

ಟೆಕ್ನಿಶಿಯನ್‌ನ ಕೈ ಮೌಸಿನ ಮೇಲೆ ಹೋಯಿತು. ಆ ಕೈಯ ಮೇಲೆ ಇನ್ನೊಂದು ಕೈ ಬಿತ್ತು.

"ಬೇಡ," ಎಂದಳು ಹೊಲಿಗೆಯವಳು.

ಆಕೆ ನನ್ನತ್ತ ತಿರುಗಿದಳು. "ಸಾಕಲ್ಲ ಸಾರ್. ನೀವು ಬಂದಿದ್ದು ನನ್ನ ಮಗನ ವಿಷಯಕ್ಕೆ. ಅದು ಮುಗೀತಲ್ಲ."

"ಮುಗಿದಿಲ್ಲ ತಾಯೀ. ನಿಮ್ಮ ಮಗ ಪಾಸಾಗಬೇಕಾದ್ರೆ ಹೆಸರು ಜರುಗಿದೆ ಅಂತ ಬರೀಬೇಕು. ಹಾಗೆ ಬರೆದ ತಕ್ಷಣ ಕೊನೇ ಹುಡುಗನ ಚಿತ್ರ ಯಾವುದು ಅನ್ನೋ ಪ್ರಶ್ನೆ ಬರುತ್ತೆ."

"ಹಾಗಾದ್ರೆ ಬರೀಬೇಡಿ."

"ಬರೀದಿದ್ರೆ ಗೋಡೆಗೆ ಎರಡು ವರ್ಷ."

ಆಕೆ ಒಬ್ಬ ಹುಡುಗನನ್ನು ನೋಡಿದಳು, ಇನ್ನೊಬ್ಬನನ್ನು ನೋಡಿದಳು. ನನ್ನ ಕೆಲಸದಲ್ಲಿ ಕಲ್ಲು ಮನಸ್ಸು ಬೇಕು. ಆ ಗಳಿಗೆಯಲ್ಲಿ ನನಗೆ ಅದು ಇದ್ದಿದ್ದರೆ ಚೆನ್ನಾಗಿತ್ತು.

"ತೆಗೀರಿ ಸಾರ್," ಎಂದ ಬಾಣ ಹಿಂದಿನಿಂದ. "ನಂದೂ ನೋಡ್ಬೇಕು ನಂಗೆ."

ಆಕೆಯ ಕೈಯನ್ನು ಅವನೇ ಮೆಲ್ಲಗೆ ಎತ್ತಿ ತೆಗೆದ. ಟೆಕ್ನಿಶಿಯನ್ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ.

ಹತ್ತೊಂಬತ್ತನೆಯ ಕೈ ಕಪ್ಪಿನೊಳಗಿಂದ ಎದ್ದು ಬಂತು. ಬೆಳ್ಳಗೆ, ಗಟ್ಟಿಯಾಗಿ, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ನಾನು ಬಾಗಿಲಿಗಾಗಿ ಹುಡುಕಿದೆ. ಈ ವಾರ ಕಲಿತ ವಿದ್ಯೆಯೆಲ್ಲ ಸೇರಿಸಿ ಹುಡುಕಿದೆ. ಬಾಗಿಲು ಇರಲಿಲ್ಲ.

"ಮುಚ್ಚಿದೆ," ಎಂದರು ಡಾಕ್ಟರಮ್ಮ, ಕನ್ನಡಕ ತೆಗೆಯುತ್ತ. "ಪೂರ್ತಿ ಮುಚ್ಚಿದೆ. ಎಷ್ಟು ವರ್ಷ ಅಂತ ಇದು ಹೇಳಲ್ಲ. ಹದಿನೇಳು ದಾಟಿದೆ ಅಂತ ಹೇಳುತ್ತೆ."

ಗೋಡೆ, "ಇಲ್ಲ, ಮತ್ತೆ ಕೈ ಬದಲಾಗಿರುತ್ತೆ, ಸರಿಯಾಗಿ ನೋಡಿ" ಎಂದು ಟೆಕ್ನಿಶಿಯನ್‌ನ ಭುಜ ಹಿಡಿದು ಅಲುಗಾಡಿಸಿದ. ಬಾಣ ಮಾತ್ರ ಅಲುಗಲಿಲ್ಲ.

"ಚಿಕ್ಕಮ್ಮನಿಗೆ ಏನೂ ಗೊತ್ತಿಲ್ಲ ಸಾರ್," ಎಂದ.

ಹೊಲಿಗೆಯವಳಿಗೆ ಯಾರೋ ಹೊಡೆದ ಹಾಗಾಯಿತು. ಹನ್ನೆರಡು ವರ್ಷದಿಂದ ಅವನ ಬಾಯಲ್ಲಿ ಆಕೆ ಅಮ್ಮ. ಈ ಮೂರು ದಿನ ನನ್ನ ಕಿವಿಗೆ ಬಿದ್ದದ್ದೂ ಅದೇ. ಅವನು ಆಕೆಯನ್ನು ಒಂದು ಹೆಜ್ಜೆ ದೂರ ನಿಲ್ಲಿಸಿದ್ದ, ತಪ್ಪು ತನ್ನೊಬ್ಬನ ಮೇಲೇ ಬೀಳಲಿ ಎಂದು.

ಆಕೆ ಕೈಚೀಲದೊಳಗೆ ಕೈ ಹಾಕಿದಳು. ಬಟ್ಟೆಯ ತುಂಡುಗಳ ಕೆಳಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಹಳೇ ಕಾಗದ ಬಂತು. "ನಾವು ಸುಳ್ಳು ಬರೆಸಿಲ್ಲ ಸಾರ್. ಅಕ್ಕ ಸತ್ತಾಗ ಇವನ ಹತ್ತಿರ ಒಂದು ಚೂರು ಕಾಗದ ಇರ್ಲಿಲ್ಲ. ಸ್ಕೂಲಲ್ಲಿ ವಯಸ್ಸು ಕೇಳಿದ್ರು. ಆಸ್ಪತ್ರೇಲಿ ಕೈ ಚಿತ್ರ ತೆಗೆದು ಅವರೇ ಬರೆದುಕೊಟ್ರು. ಓದಿ."

ನಾನು ಓದಿದೆ. 'ಎಡಗೈಯ ಎಕ್ಸ್‌ರೇ ಪ್ರಕಾರ ಈ ಮಗುವಿನ ವಯಸ್ಸು ನಾಲ್ಕು ವರ್ಷ.' ಹನ್ನೆರಡು ವರ್ಷ ಹಿಂದಿನ ತಾರೀಖು. ಕೆಳಗೆ ಸಹಿ.

ಮಸಿ ಮಾಸಿತ್ತು. ಆದರೂ ಹಸಿರು ಹಸಿರೇ.

ಈಗ ಅರ್ಥವಾಯಿತು, ಬಂದಾಗಿನಿಂದ ಆಕೆ ಯಾರ ಮುಖವನ್ನು ತಪ್ಪಿಸುತ್ತಿದ್ದಳು, ಯಾಕೆ ತಪ್ಪಿಸುತ್ತಿದ್ದಳು ಎಂದು. ಗುರುತು ಹಿಡಿದಾರು ಎಂಬ ಭಯ. ನಾನು ಕಾಗದವನ್ನು ಡಾಕ್ಟರಮ್ಮನಿಗೆ ಕೊಟ್ಟೆ. ಅವರು ದೂರ ಹಿಡಿದರು, ಹತ್ತಿರ ಹಿಡಿದರು.

"ನನ್ನ ಅಕ್ಷರ," ಎಂದರು.

ಪರದೆಯ ಮೇಲಿನ ಕೈಯನ್ನು ನೋಡಿದರು. ಆ ಕೈಯ ಯಜಮಾನನನ್ನು ನೋಡಿದರು. ಬೆರಳಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು.

"ಹಸಿದ ಮಗುವಿನ ಮೂಳೆ ಹಿಂದೆ ಬೀಳುತ್ತೆ," ಎಂದರು, ನಮಗಲ್ಲ, ತಮಗೇ ಹೇಳಿಕೊಳ್ಳುವಂತೆ. "ವರ್ಷಗಟ್ಟಲೆ ಹಸಿದಿದ್ರೆ ಆರು ವರ್ಷದ ಮಗುವಿನ ಕೈ ನಾಲ್ಕು ಅನ್ನುತ್ತೆ. ಆಮೇಲೆ ಒಳ್ಳೆ ಮನೆ ಸಿಕ್ಕಿ ಊಟ ಸಿಕ್ಕಿದ್ರೆ ಓಡಿ ಓಡಿ ಜೊತೆಯವರನ್ನ ಹಿಡಿಯುತ್ತೆ. ಅದಕ್ಕೇ ನಾನು ಎಲ್ಲರನ್ನೂ ಒಂದು ಮಾತು ಕೇಳ್ತಿದ್ದೆ. ಮಗು ಹೊಟ್ಟೆ ತುಂಬ ಊಟ ಮಾಡುತ್ತಾ ಅಂತ. ಮಾಡಲ್ಲ ಅಂದಿದ್ರೆ ನಾಲ್ಕು ಅಂತ ನಾನು ಬರೀತಾನೇ ಇರ್ಲಿಲ್ಲ." ತಲೆ ಎತ್ತಿದರು. "ಆವತ್ತು ಹೂಂ ಅಂದವರು ಯಾರು?"

"ನಾನು," ಎಂದಳು ಹೊಲಿಗೆಯವಳು.

"ನಾನು," ಎಂದ ಬಾಣ.

ಎರಡು ಧ್ವನಿಗಳೂ ಒಟ್ಟಿಗೇ ಬಂದವು. ನನ್ನ ಮುಂದಿದ್ದ ಸಮಿತಿಯ ನಮೂನೆಯಲ್ಲಿ ಒಂದು ಖಾಲಿ ಗೆರೆ: 'ವಯಸ್ಸು ಮರೆಮಾಚಿದವರು ಯಾರು?' ಒಬ್ಬರ ಹೆಸರಿಗಷ್ಟೇ ಜಾಗ. ಹುಡುಗನ ಹೆಸರು ಬರೆದರೆ ಅವನ ಕಾಲು ಇನ್ನು ಮೈದಾನ ಮುಟ್ಟುವುದಿಲ್ಲ. ಆಕೆಯ ಹೆಸರು ಬರೆದರೆ ಪೊಲೀಸರು ಆ ಹೊಲಿಗೆ ಅಂಗಡಿಯ ಬಾಗಿಲಿಗೆ ಹೋಗುತ್ತಾರೆ. ಐದು ಗಂಟೆಗೆ ಎಂಟು ನಿಮಿಷ ಇತ್ತು.

"ಚಿಕ್ಕಮ್ಮ ಆಗ ಹೊರಗಡೆ ಚೀಟಿ ಬರೆಸ್ತಾ ಇದ್ರು," ಎಂದ ಬಾಣ. "ಕೈ ಇಡೋ ತಟ್ಟೆ ತಣ್ಣಗಿತ್ತು. ಅಳ್ತಾ ಇದ್ದೆ ಅಂತ ನೀವು ಆಡೋಕೆ ನಿಮ್ಮ ಹಸಿರು ಪೆನ್ನು ಕೊಟ್ರಿ. ಆಮೇಲೆ ಕೇಳಿದ್ರಿ, ಊಟ ಮಾಡ್ತೀಯಾ ಪುಟ್ಟಾ ಅಂತ. ಹೂಂ ಅಂದೆ."

ಡಾಕ್ಟರಮ್ಮ ಕುರ್ಚಿಯ ತೋಳು ಹಿಡಿದುಕೊಂಡರು.

"ಸುಳ್ಳು ಹೇಳ್ತಾ ಇದ್ದಾನೆ ಸಾರ್!" ಹೊಲಿಗೆಯವಳು ನಡುವೆ ಬಂದು ನಿಂತಳು. "ನನ್ನ ಉಳಿಸೋಕೆ ಹೇಳ್ತಾ ಇದ್ದಾನೆ! ಇವನಿಗೆ ಆಗ ನಾಲ್ಕು ವರ್ಷ, ನಾಲ್ಕೇ ವರ್ಷ! ಅಷ್ಟು ಚಿಕ್ಕ ಮಗುವಿಗೆ ಏನು ನೆನಪಿರುತ್ತೆ?"

ಬಾಣ ಆಕೆಯ ಕುತ್ತಿಗೆಯಿಂದ ಜಾರುತ್ತಿದ್ದ ಅಳತೆ ಟೇಪನ್ನು ಸರಿಪಡಿಸಿದ.

"ನೆನಪಿದೆ ಅಮ್ಮ," ಎಂದ. "ಎಲ್ಲಾ ನೆನಪಿದೆ."